ಎರಡು ವಿಭಾಗಗಳ ನಡುವೆ ಒಂದು ವಿಷವೈದ್ಯ ಕಾವ್ಯ

ಕನ್ನಡ ಸಾಹಿತ್ಯ ಚರಿತ್ರೆಗಳಲ್ಲಿ ಶಾಸ್ತ್ರಕೃತಿಗಳಿಗೆ ಒಂದು ನಿಶ್ಚಿತ ಸ್ಥಾನವಿದೆ. ಅದು ಅಧ್ಯಾಯದ ಕೊನೆ. ಚಂಪೂಕಾವ್ಯಗಳ ವಿವೇಚನೆ ಮುಗಿದ ಮೇಲೆ, ಉಳಿದ ಕೃತಿಗಳ ಸಾಲಿನಲ್ಲಿ ವೈದ್ಯಗ್ರಂಥಗಳ ಹೆಸರು, ಕಾಲ, ಒಂದೆರಡು ವಾಕ್ಯಗಳ ಪರಿಚಯ ಬರುತ್ತವೆ. ವಿದ್ಯಾರ್ಥಿಯು ಪರೀಕ್ಷೆಗೆ ಬೇಕಾದಷ್ಟನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಸಾಗುತ್ತಾನೆ. ಅತ್ತ ಆಯುರ್ವೇದ ಕಾಲೇಜುಗಳಲ್ಲಿ ಅಗದತಂತ್ರ, ಅಂದರೆ ವಿಷಚಿಕಿತ್ಸೆ, ಒಂದು ಪಠ್ಯವಿಷಯವೇ ಆಗಿದೆ. ಆದರೆ ಅಲ್ಲಿನ ಆಕರಗಳು ಸಂಸ್ಕೃತದವು. ಹಳಗನ್ನಡ ಅಲ್ಲಿಗೆ ಪ್ರವೇಶಿಸಿಲ್ಲ. ಹೀಗೆ ಸಾಹಿತ್ಯದವರು ‘ಇದು ವೈದ್ಯ’ ಎಂದೂ ವೈದ್ಯರು ‘ಇದು ಕಾವ್ಯ’ ಎಂದೂ ಬದಿಗಿಟ್ಟ ಕೃತಿಗಳಲ್ಲಿ ಮೊದಲ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಮುಖ್ಯವಾದುದು.

ಮಂಗರಾಜನು ಜೈನಕವಿ, ಕಾಲ ಸುಮಾರು 1360. ವಿಜಯನಗರ ರಾಜ್ಯ ತಲೆಯೆತ್ತುತ್ತಿದ್ದ ದಿನಗಳವು. ಅವನ ವಸ್ತು ವಿಷ. ಸಸ್ಯಾದಿಗಳಿಂದ ಬರುವ ಸ್ಥಾವರವಿಷ, ಪ್ರಾಣಿಗಳಿಂದ ಬರುವ ಜಂಗಮವಿಷ, ಅವುಗಳ ಲಕ್ಷಣ, ಚಿಕಿತ್ಸೆ, ಮಂತ್ರ, ಔಷಧ ಎಲ್ಲವನ್ನೂ ಅವನು ಪದ್ಯದಲ್ಲಿ ನಿರೂಪಿಸಿದ್ದಾನೆ. ಕೃತಿಯ ಹೆಸರೇ ಕವಿತ್ವದ ಸೂಚನೆ: ಖಗೇಂದ್ರನೆಂದರೆ ಗರುಡ, ಸರ್ಪಗಳ ವೈರಿ. ಕೃತಿಯನ್ನು 1940ರ ದಶಕದಲ್ಲಿ ಮದರಾಸು ವಿಶ್ವವಿದ್ಯಾನಿಲಯ ಪ್ರಕಟಿಸಿತು. ದಕ್ಷಿಣ ಕನ್ನಡ ಅಂದು ಮದರಾಸು ಪ್ರಾಂತಕ್ಕೆ ಸೇರಿದ್ದುದರಿಂದ ಕನ್ನಡದ ಹಲವು ಪ್ರಾಚೀನ ಗ್ರಂಥಗಳು ಬೆಳಕು ಕಂಡದ್ದು ಅಲ್ಲಿಯೇ. ಮುದ್ರಿತವಾಗಿ ಇಷ್ಟು ವರ್ಷ ಕಳೆದರೂ ಕೃತಿ ಓದುಗರನ್ನು ಪಡೆದಿಲ್ಲವೆಂಬುದು ಹಸ್ತಪ್ರತಿಗಳ ಕೊರತೆಯಿಂದಾದುದಲ್ಲ, ಅಭ್ಯಾಸಕ್ರಮದ ದೋಷದಿಂದಾದುದು.

ಈ ಕಾವ್ಯದ ಹಿಂದೆ ಒಂದು ದೀರ್ಘ ಪರಂಪರೆಯಿದೆ. ಜೈನಾಗಮದ ಹದಿನಾಲ್ಕು ಪೂರ್ವಗಳಲ್ಲಿ ಹನ್ನೆರಡನೆಯದಾದ ‘ಪ್ರಾಣಾವಾಯ’ವು ವೈದ್ಯಕ್ಕೆ ಮೀಸಲು ಎಂಬುದು ಸಂಪ್ರದಾಯ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯನು ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ವನ್ನು ರಚಿಸಿ ಈ ಪರಂಪರೆಯನ್ನು ನೆನೆಯುತ್ತಾನೆ, ಶಾಲಾಕ್ಯಕ್ಕೆ ಪೂಜ್ಯಪಾದ, ಶಲ್ಯತಂತ್ರಕ್ಕೆ ಪಾತ್ರಸ್ವಾಮಿ, ವಿಷಚಿಕಿತ್ಸೆಗೆ ಸಿದ್ಧಸೇನ ಎಂದು ಒಂದೊಂದು ಅಂಗಕ್ಕೆ ಒಬ್ಬೊಬ್ಬ ಆಚಾರ್ಯನನ್ನು ಹೆಸರಿಸುತ್ತಾನೆ. ಸುಮಾರು 1150ರಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದನ ವೈದ್ಯಗ್ರಂಥವನ್ನು ‘ಕರ್ಣಾಟಕ ಕಲ್ಯಾಣಕಾರಕ’ವೆಂದು ಕನ್ನಡಕ್ಕೆ ತಂದನು. ಪೂಜ್ಯಪಾದನ ಮೂಲ ಇಂದು ಉಪಲಬ್ಧವಿಲ್ಲ. ಅಂದರೆ ಕಳೆದುಹೋದ ಸಂಸ್ಕೃತ ಗ್ರಂಥವೊಂದರ ರೂಪರೇಷೆಯನ್ನು ಅರಿಯಲು ಕನ್ನಡವೇ ಆಧಾರ. ಚಾಳುಕ್ಯ ರಾಜಕುಮಾರ ಕೀರ್ತಿವರ್ಮನ ‘ಗೋವೈದ್ಯ’ವೂ ಇದೇ ಶತಮಾನದ ಪೂರ್ವಾರ್ಧದ್ದು.

ಇಲ್ಲಿ ಇತಿಹಾಸದ ವಿದ್ಯಾರ್ಥಿ ನಿಂತು ನೋಡಬೇಕಾದ ಅಂಶವೊಂದಿದೆ. ಮಾಂಸರಸವನ್ನು ಬಲವರ್ಧಕವಾಗಿ, ಜೇನನ್ನು ಅನುಪಾನವಾಗಿ, ಮದ್ಯವನ್ನು ಔಷಧವಾಗಿ ಬಳಸುವುದು ಚರಕ, ಸುಶ್ರುತರ ವೈದ್ಯದಲ್ಲಿ ಸಾಮಾನ್ಯ. ಜೈನವೈದ್ಯರಿಗೆ ಈ ಮೂರೂ ವರ್ಜ್ಯ. ಉಗ್ರಾದಿತ್ಯನು ನೃಪತುಂಗನ ಸಭೆಯಲ್ಲಿ ಮಾಂಸಭಕ್ಷಣೆಯ ನಿಷ್ಪ್ರಯೋಜಕತೆಯನ್ನು ಕುರಿತು ವಾದಿಸಿದನೆಂದು ಅವನ ಗ್ರಂಥವೇ ಹೇಳುತ್ತದೆ. ಸೋಮನಾಥನ ಚಿಕಿತ್ಸಾಕ್ರಮವೂ ಮದ್ಯಮಾಂಸಗಳಿಂದ ಮುಕ್ತವಾಗಿದೆ. ಅಹಿಂಸೆಯು ಬಸದಿಯ ಉಪದೇಶದಲ್ಲಿ ಉಳಿಯದೆ ಔಷಧದ ಅರೆಯುವ ಕಲ್ಲಿನವರೆಗೂ ಬಂದದ್ದು ಹೀಗೆ. ಒಂದು ತತ್ತ್ವವು ಮದ್ದಿನ ಪಾಕವನ್ನೇ ಬದಲಿಸಿದ ಈ ಪ್ರಸಂಗವು ಧರ್ಮದ ಚರಿತ್ರೆಗೂ ವಿಜ್ಞಾನದ ಚರಿತ್ರೆಗೂ ಸಮಾನವಾಗಿ ಸೇರಿದುದು.

ವೈದ್ಯವನ್ನು ಪದ್ಯದಲ್ಲೇಕೆ ಬರೆಯಬೇಕು ಎಂಬ ಪ್ರಶ್ನೆ ಸಹಜ. ಛಂದಸ್ಸು ಇಲ್ಲಿ ಅಲಂಕಾರಕ್ಕಾಗಿ ಬಂದುದಲ್ಲ. ತಾಳೆಗರಿ ಸುಲಭವಾಗಿ ಸಿಗದ, ಕಚ್ಚಿಸಿಕೊಂಡವನ ಪಕ್ಕದಲ್ಲಿ ಕುಳಿತು ಗ್ರಂಥ ತಿರುವಲು ಸಮಯವಿಲ್ಲದ ಕಾಲದಲ್ಲಿ ವೈದ್ಯನಿಗೆ ನೆನಪೇ ಗ್ರಂಥಾಲಯ. ಕಂದಪದ್ಯದ ಮಾತ್ರಾಗಣಗಳ ಬಿಗಿಯಲ್ಲಿ ಕುಳಿತ ಮೂಲಿಕೆಯ ಹೆಸರನ್ನು ತಪ್ಪಿಸಿದರೆ ಲಯ ಕೆಡುತ್ತದೆ. ಲಯ ಕೆಟ್ಟದ್ದು ಕಿವಿಗೆ ಕೂಡಲೇ ತಿಳಿಯುತ್ತದೆ. ಪಾಠದ ಶುದ್ಧಿಯನ್ನು ಕಾಯುವ ಕೆಲಸವನ್ನು ಪ್ರಾಸವೂ ಗಣವೂ ಮಾಡುತ್ತಿದ್ದವು. ‘ಇದರಲ್ಲಿ ರಸವಿಲ್ಲ’ ಎಂದು ತಳ್ಳಿಹಾಕುವ ವಿಮರ್ಶಕನು ಕಾವ್ಯರೂಪದ ಈ ಇನ್ನೊಂದು ಪ್ರಯೋಜನವನ್ನು ಗಮನಿಸಿಲ್ಲ.

ಭಾಷೆಯ ದೃಷ್ಟಿಯಿಂದ ನೋಡಿದರೂ ಇಂತಹ ಕೃತಿಗಳು ಗಣಿಗಳೇ. ಸುಶ್ರುತ ಪರಂಪರೆಯು ವಿಷಸರ್ಪಗಳನ್ನು ಮುಖ್ಯವಾಗಿ ದರ್ವೀಕರ, ಮಂಡಲಿ, ರಾಜಿಮಂತ ಎಂದು ವಿಂಗಡಿಸುತ್ತದೆ: ಹೆಡೆಯುಳ್ಳವು, ಮೈಮೇಲೆ ಮಂಡಲಗಳುಳ್ಳವು, ಪಟ್ಟೆಗಳುಳ್ಳವು. ಇಂದಿನ ಆಡುನುಡಿಯ ಕೊಳಕುಮಂಡಲ, ಗರಗಸ ಮಂಡಲ ಎಂಬ ಹೆಸರುಗಳಲ್ಲಿ ಆ ಪ್ರಾಚೀನ ವರ್ಗೀಕರಣದ ಒಂದು ಪದ ಇನ್ನೂ ಜೀವಂತವಾಗಿದೆ. ಅಡಕೆ ತೋಟದ ಕೂಲಿಯವನ ಬಾಯಲ್ಲಿಯೂ ಶಾಸ್ತ್ರದ ಪರಿಭಾಷೆ ಉಳಿದಿರುವಾಗ ನಿಘಂಟುಕಾರರು ವೈದ್ಯಕಾವ್ಯಗಳನ್ನು ಕೈಬಿಡುವುದು ತರವಲ್ಲ.

ಬಂಟ್ವಾಳ ತಾಲೂಕಿನ ಗಡಿಗ್ರಾಮವಾದ ಕನ್ಯಾನದಿಂದ ಮೂಡಬಿದಿರೆಯವರೆಗಿನ ಪ್ರದೇಶದಲ್ಲಿ ಈ ವಿಷಯಕ್ಕೆ ವಿಶೇಷ ಅರ್ಥವಿದೆ. ಇಲ್ಲಿ ಹಾವು ನಾಗಬನದ ದೈವ, ನಾಗಮಂಡಲದ ರಂಗವಲ್ಲಿಯ ಸುಳಿ; ಬಸದಿಯಲ್ಲಿ ಪಾರ್ಶ್ವನಾಥನ ನೆತ್ತಿಯ ಮೇಲೆ ಎತ್ತಿದ ಹೆಡೆ. ಧವಲಾದಿ ಸಿದ್ಧಾಂತಗ್ರಂಥಗಳ ತಾಳೆಗರಿಗಳನ್ನು ಕಾಪಾಡಿದ ಮೂಡಬಿದಿರೆಯ ಗುರುಬಸದಿಯ ಮೂಲನಾಯಕನೂ ಪಾರ್ಶ್ವನಾಥನೇ. ಅವನ ಯಕ್ಷಿ ಪದ್ಮಾವತಿಯನ್ನು ಕುರಿತ ಮಲ್ಲಿಷೇಣನ ‘ಭೈರವಪದ್ಮಾವತೀಕಲ್ಪ’ದ ಕೊನೆಯ ಅಧಿಕಾರ ಗಾರುಡ, ಅಂದರೆ ಸರ್ಪವಿಷ ಚಿಕಿತ್ಸೆ. ಶಿಲ್ಪ, ಆರಾಧನೆ, ಮಂತ್ರಶಾಸ್ತ್ರ, ವೈದ್ಯ ಇವು ಒಂದೇ ಭಯದ ಸುತ್ತ ಬೆಳೆದವು. ಮೂರ್ತಿಶಿಲ್ಪವನ್ನು ಒಬ್ಬನು, ವೈದ್ಯವನ್ನು ಇನ್ನೊಬ್ಬನು, ಕಾವ್ಯವನ್ನು ಮತ್ತೊಬ್ಬನು ಬೇರೆಬೇರೆ ಕೋಣೆಗಳಲ್ಲಿ ಕುಳಿತು ಓದಿದರೆ ಆ ಭಯದ ಸ್ವರೂಪವಾಗಲಿ, ಅದನ್ನು ಗೆಲ್ಲಲು ಮನುಷ್ಯ ಹೂಡಿದ ಉಪಾಯಗಳಾಗಲಿ ಪೂರ್ತಿ ಕಾಣುವುದಿಲ್ಲ.

ಆದರೆ ಈ ಓದಿಗೆ ಒಂದು ಎಚ್ಚರ ಅಗತ್ಯ. ‘ಎಲ್ಲವೂ ಹಿಂದೆಯೇ ಗೊತ್ತಿತ್ತು’ ಎಂಬ ಅಭಿಮಾನದಿಂದ ಇಂತಹ ಕೃತಿಗಳನ್ನು ಇಂದಿನ ಚಿಕಿತ್ಸೆಯ ಕೈಪಿಡಿಯಾಗಿ ಮೆರೆಸುವವರೂ ಇದ್ದಾರೆ. ಇದು ಉಪೇಕ್ಷೆಗಿಂತ ಅಪಾಯಕರ. ಒಂದು ಅಧ್ಯಯನದ ಅಂದಾಜಿನಂತೆ 2000ರಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಇದನ್ನು ಉಪೇಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರಕರಣಗಳ ವರದಿಯನ್ನು ಕಡ್ಡಾಯಗೊಳಿಸಿತು. ಬಿಗಿದು ಕಟ್ಟುವುದು, ಗಾಯ ಕೊಯ್ಯುವುದು ಇಂದಿನ ವೈದ್ಯದಲ್ಲಿ ನಿಷಿದ್ಧ. ಕಚ್ಚಿಸಿಕೊಂಡವನು ಹೋಗಬೇಕಾದದ್ದು ಪ್ರತಿವಿಷ ಇರುವ ಆಸ್ಪತ್ರೆಗೆ. ಮಂಗರಾಜನು ತನ್ನ ಕಾಲಕ್ಕೆ ದೊರೆತ ಅತ್ಯುತ್ತಮ ಜ್ಞಾನವನ್ನು ಜನಭಾಷೆಗೆ ತಂದನು. ಅವನನ್ನು ಗೌರವಿಸುವುದೆಂದರೆ ಆ ಧೋರಣೆಯನ್ನು ಅನುಸರಿಸುವುದು; ಆರೂವರೆ ಶತಮಾನಗಳ ಹಿಂದಿನ ಮದ್ದನ್ನು ಇಂದಿನ ರೋಗಿಗೆ ಕುಡಿಸುವುದಲ್ಲ.

ಕನ್ಯಾನದಿಂದ ಗಡಿ ದಾಟಿದರೆ ಕೇರಳ. ಅಲ್ಲಿ ‘ಜ್ಯೋತ್ಸ್ನಿಕಾ’ ಎಂಬ ಮಲಯಾಳ ಪದ್ಯಗ್ರಂಥವು ವಿಷವೈದ್ಯ ಪರಂಪರೆಯ ಆಕರವಾಗಿ ಇಂದಿಗೂ ಪರಿಚಿತ. ಅದಕ್ಕಿಂತ ಹಳೆಯದಾದ ಕನ್ನಡದ ಕೃತಿಗೆ ಆ ಭಾಗ್ಯವಿಲ್ಲ. ಇದನ್ನು ಸರಿಪಡಿಸಲು ದೊಡ್ಡ ಯೋಜನೆಗಳೇನೂ ಬೇಕಿಲ್ಲ. ಮೂಡಬಿದಿರೆಯೊಂದರಲ್ಲೇ ಜೈನಮಠದ ತಾಡಪತ್ರ ಭಂಡಾರವಿದೆ, ಆಯುರ್ವೇದ ಕಾಲೇಜೂ ಇದೆ. ಕೊಣಾಜೆಯ ಮಂಗಳಗಂಗೋತ್ರಿಯಲ್ಲಿ ಕನ್ನಡ ಅಧ್ಯಯನ ಸಂಸ್ಥೆಯಿದೆ. ಈ ಭಂಡಾರದ ಗ್ರಂಥಗಳ ಸೂಚಿಯನ್ನು ಕೆ. ಭುಜಬಲಿ ಶಾಸ್ತ್ರಿಗಳು ದಶಕಗಳ ಹಿಂದೆಯೇ ಸಿದ್ಧಪಡಿಸಿ ದಾರಿ ತೋರಿದ್ದಾರೆ. ಕನ್ನಡದ ಅಧ್ಯಾಪಕ, ಅಗದತಂತ್ರದ ಅಧ್ಯಾಪಕ, ಸಸ್ಯಶಾಸ್ತ್ರಜ್ಞ ಈ ಮೂವರು ಒಬ್ಬ ಸಂಶೋಧನ ವಿದ್ಯಾರ್ಥಿಗೆ ಕೂಡಿ ಮಾರ್ಗದರ್ಶನ ಮಾಡಿದರೆ ಮೊದಲ ಫಲವಾಗಿ ಮೂಲಿಕೆಗಳ ಒಂದು ವಿಶ್ವಾಸಾರ್ಹ ಪದಕೋಶ ದೊರೆಯುತ್ತದೆ. ಅದು ತಡವಾದಷ್ಟೂ ನಷ್ಟವೇ. ಏಕೆಂದರೆ ಕೃತಿಯಲ್ಲಿ ಬರುವ ಗಿಡದ ಹೆಸರನ್ನು ಕೇಳಿ, ಗುಡ್ಡದಲ್ಲಿ ಆ ಗಿಡವನ್ನು ಬೆರಳಿಟ್ಟು ತೋರಿಸಬಲ್ಲ ಹಿರಿಯ ನಾಟಿವೈದ್ಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ತಾಳೆಗರಿಯನ್ನು ಎಣ್ಣೆ ಹಚ್ಚಿ ಕಾಪಾಡಬಹುದು. ಆ ಬೆರಳನ್ನು ಕಾಪಾಡುವ ಉಪಾಯವಿಲ್ಲ.