ಮನೆಯೊಳಗಿನ ರೇಡಾನ್: ಅಳೆಯದೆ ಅರಿಯಲಾಗದು

ದೆಹಲಿಯಲ್ಲಿ ಚಳಿಗಾಲ ಕಾಲಿಟ್ಟಿತೆಂದರೆ ಹೊಗೆಮಂಜಿನ ಮಾತು ಮನೆಮನೆಯಲ್ಲೂ ಕೇಳಿಬರುತ್ತದೆ. ಗಾಳಿಯ ಗುಣಮಟ್ಟದ ಅಂಕಿ ದಿನವೂ ವೃತ್ತಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಜನರು ಕಿಟಕಿಗಳನ್ನು ಭದ್ರಪಡಿಸಿಕೊಳ್ಳುತ್ತಾರೆ. ಹೀಗೆ ಹೊರಗಿನ ಗಾಳಿಗೆ ಅಂಜಿ ಮುಚ್ಚಿದ ಕೋಣೆಯೊಳಗೆ ನೆಲದಿಂದಲೇ ಮತ್ತೊಂದು ಅನಿಲ ಏರಿಬರಬಹುದೆಂಬ ವಿಚಾರ ಮಾತ್ರ ಹೆಚ್ಚಿನವರ ಗಮನಕ್ಕೆ ಬಂದಂತಿಲ್ಲ. ಅದುವೇ ರೇಡಾನ್.

ಶಿಲೆ ಹಾಗೂ ಮಣ್ಣಿನಲ್ಲಿರುವ ಯುರೇನಿಯಂ ಕ್ಷಯಿಸುತ್ತ ರೇಡಿಯಂ ಆಗಿ, ರೇಡಿಯಂನಿಂದ ಈ ಅನಿಲ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಯಲಿನಲ್ಲಿ ಚದರಿಹೋಗುವ ಇದು ನೆಲದ ಬಿರುಕುಗಳ ಮೂಲಕ ಮನೆಯನ್ನು ಹೊಕ್ಕರೆ ಅಲ್ಲಿಯೇ ಶೇಖರವಾಗುತ್ತದೆ. ಇದರ ಕ್ಷಯದಿಂದ ಹುಟ್ಟುವ ಪೊಲೋನಿಯಂ ಕಣಗಳು ಶ್ವಾಸಕೋಶದಲ್ಲಿ ನೆಲೆಸಿ ಆಲ್ಫಾ ಕಿರಣಗಳನ್ನು ಸೂಸುತ್ತವೆ. 1988ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಕ್ಯಾನ್ಸರ್‌ಕಾರಕವೆಂದು ಸಾರಿತು. ಮನೆಯ ಗಾಳಿಯಲ್ಲಿ ಘನ ಮೀಟರಿಗೆ 100 ಬೆಕರೆಲ್, ಅದು ಅಸಾಧ್ಯವಾದಲ್ಲಿ ಹೆಚ್ಚೆಂದರೆ 300 ಬೆಕರೆಲ್ ಎಂಬ ಮಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಸೂಚಿಸಿತು.

2013ರಲ್ಲಿ ರಾಷ್ಟ್ರ ರಾಜಧಾನಿ ವಲಯಕ್ಕೆ ಸೇರಿದ ಹರಿಯಾಣದ ಭಿವಾನಿ ಜಿಲ್ಲೆಯಲ್ಲಿ ತೋಶಾಮ್ ಎಂಬ ಊರಿದೆ. ಅಲ್ಲಿನ ಬೆಟ್ಟದ ಬಂಡೆಯ ಮೇಲೆ ಪ್ರಾಚೀನ ಶಾಸನವೊಂದಿದೆಯೆಂದು ಇತಿಹಾಸಜ್ಞರು ಬಲ್ಲರು. ಅದೇ ಬೆಟ್ಟಗಳ ಗ್ರಾನೈಟಿನಲ್ಲಿ ಯುರೇನಿಯಂ, ಥೋರಿಯಂ ಅಂಶಗಳು ಅಧಿಕವೆಂದು ಭೂವಿಜ್ಞಾನಿಗಳು ಬಲ್ಲರು. ಸುತ್ತಮುತ್ತ ಸಜ್ಜೆ, ಸಾಸಿವೆ, ಕಡಲೆ ಬೆಳೆಯುವ ರೈತರಿದ್ದಾರೆ. ಹಗಲೆಲ್ಲ ಹೊಲದ ಬಯಲುಗಾಳಿಯಲ್ಲಿ ದುಡಿದು ಚಳಿಗಾಲದ ರಾತ್ರಿ ಕದವಿಕ್ಕಿ ಮಲಗುವವರು ಇವರು. ಚೌಪಾಲದ ಹುಕ್ಕಾ ಬೇರೆ! ರೇಡಾನಿನಿಂದ ಧೂಮಪಾನಿಗಳಿಗೆ ಒದಗುವ ಅಪಾಯ ಉಳಿದವರಿಗಿಂತ ಸುಮಾರು 25 ಪಟ್ಟು ಹೆಚ್ಚೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಕೋಲಾರ, ತುಮಕೂರುಗಳ ಕಡೆಯಿಂದ ದೆಹಲಿಗೆ ಬಂದು ನೆಲೆಸಿದ ಕನ್ನಡಿಗರಿಗೆ ಇದು ಪರರ ಮಾತಾಗಬಾರದು. ಕರ್ನಾಟಕದ ಪೂರ್ವ ಭಾಗದ ಅನೇಕ ಹಳ್ಳಿಗಳ ಕುಡಿಯುವ ನೀರಿನಲ್ಲಿ ಯುರೇನಿಯಂ ಮಿತಿಮೀರಿರುವುದನ್ನು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ತವರಿನ ಕಲ್ಲುನೆಲವೂ ಅದೇ ಜಾತಿಯದು.

ಹಳ್ಳಿಗರನ್ನು ವೃಥಾ ಏಕೆ ಬೆದರಿಸಬೇಕು ಎಂಬ ಆಕ್ಷೇಪಣೆ ಬರುವುದುಂಟು. ಅದರಲ್ಲಿ ಹುರುಳಿಲ್ಲದಿಲ್ಲ, ಬಂಡೆಯಿದ್ದಲ್ಲೆಲ್ಲ ರೋಗವಿದೆಯೆಂದು ಡಂಗುರ ಸಾರುವುದು ತಪ್ಪು. ಆದರೆ ಭಯಕ್ಕೂ ಉದಾಸೀನಕ್ಕೂ ಅಳತೆಯೇ ಔಷಧ. ಪಕ್ಕದ ಮನೆಯ ಅಂಕಿ ಈ ಮನೆಗೆ ಅನ್ವಯಿಸದು. ನೆಲ, ಗೋಡೆ, ಗಾಳಿಯ ಸಂಚಾರ ಮನೆಯಿಂದ ಮನೆಗೆ ಬೇರೆ. ಆದುದರಿಂದ ಪ್ರತಿ ಮನೆಯನ್ನೂ ಅಳೆಯಬೇಕು. ಸಾಧನವೂ ಸರಳ: ವಿಶೇಷ ಫಿಲ್ಮಿನ ತುಣುಕೊಂದನ್ನು ಪುಟ್ಟ ಬಟ್ಟಲಿನಲ್ಲಿಟ್ಟು ಮೂರು ತಿಂಗಳು ತೂಗುಹಾಕುವುದು, ಅನಂತರ ಕ್ಷಾರದಲ್ಲಿ ಅದ್ದಿ ಆಲ್ಫಾ ಕಣಗಳ ಗುರುತುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುವುದು. ವಿದ್ಯುತ್ತೂ ಬೇಡ. ಅಂಕಿ ಹೆಚ್ಚಾಗಿ ಕಂಡರೆ ನೆಲದ ಬಿರುಕು ಮುಚ್ಚುವುದು, ಎದುರುಬದುರು ಕಿಟಕಿ ಇಡುವುದು, ಇವು ಊರ ಗಾರೆಯವನೇ ಮಾಡಬಲ್ಲ ಕೆಲಸಗಳು. ಅಷ್ಟಕ್ಕೂ ತಗ್ಗದಿದ್ದರೆ ಮಾತ್ರ ನೆಲದಡಿಯ ಗಾಳಿಯನ್ನು ಕೊಳವೆಯ ಮೂಲಕ ಹೊರಗೆಳೆಯಬೇಕಾದೀತು.

ವಿಶ್ವವಿದ್ಯಾಲಯಗಳ ಸಂಶೋಧಕರು ಇಂತಹ ಅಳತೆಗಳನ್ನು ಮಾಡುತ್ತಲೇ ಬಂದಿದ್ದಾರೆ. ಸಂಶೋಧನಾ ಪತ್ರಿಕೆಯಲ್ಲಿ ಅಂಕಿ ಅಚ್ಚಾದರೆ ಸಾಲದು. ಕಾರ್ತಿಕದಲ್ಲಿ ಫಿಲ್ಮನ್ನು ತೂಗುಹಾಕಿ ಮಾಘದಲ್ಲಿ ಇಳಿಸಿಕೊಂಡು ಹೋಗುವ ಆಶಾ ಕಾರ್ಯಕರ್ತೆಯೇ ಫಲಿತಾಂಶದ ಚೀಟಿಯನ್ನು ತಂದು, ಆ ಮನೆಯ ಗೃಹಿಣಿಗೆ ಆಕೆಯ ಆಡುಮಾತಿನಲ್ಲೇ ಓದಿಹೇಳುವ ವ್ಯವಸ್ಥೆಯನ್ನು ಸರ್ಕಾರ ತೋಶಾಮಿನಿಂದಲೇ ಆರಂಭಿಸಬಹುದು.