ಬ್ರಹ್ಮಕಮಲವೆಂಬ ಕಳ್ಳಿ: ಅದರ ಗುರುತು, ವೃದ್ಧಿ ಮತ್ತು ಅದರಿಂದ ರೈತರು ಕಲಿಯತಕ್ಕ ಪಾಠ

ಗೌನಿಪಲ್ಲಿಯ ಸುತ್ತಮುತ್ತಲಿನ ಗ್ರಾಮಗಳಲ್ಲಿ ಮನೆಯಂಗಳದ ಕುಂಡದಲ್ಲಿ ಬೆಳೆಯಿಸುವ ‘ಬ್ರಹ್ಮಕಮಲ’ವನ್ನು ಅರಿಯದವರು ವಿರಳ. ಮಳೆಗಾಲದ ರಾತ್ರಿಯಲ್ಲಿ ಅದು ಅರಳಿದಾಗ ನೆರೆಹೊರೆಯವರು ಕೂಡಿ ಪೂಜೆ ಸಲ್ಲಿಸುವುದು ವಾಡಿಕೆ. ಇದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ಆದರೆ ಗಿಡದ ನಿಜವಾದ ಗುರುತನ್ನು ತಿಳಿಯದೆ, ಇದು ಹಿಮಾಲಯದ ಅಪೂರ್ವ ಸಸ್ಯವೆಂಬ ಮಾತಿಗೆ ಮರುಳಾಗಿ ಹಣ ತೆರುವುದು ಸಲ್ಲದು. ಗುರುತು ಮೊದಲು, ಹಣ ಆಮೇಲೆ ಎಂಬುದೇ ಈ ಲೇಖನದ ತಾತ್ಪರ್ಯ.

ಹಿಮಾಲಯದ ಬ್ರಹ್ಮಕಮಲವು ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದುದು. ಸುಮಾರು ೧೨,೦೦೦ ಅಡಿಗೆ ಮೇಲ್ಪಟ್ಟ ಶೀತಪ್ರದೇಶದಲ್ಲಿ ಬೆಳೆಯುವ ಅದು ಉತ್ತರಾಖಂಡದ ರಾಜ್ಯಪುಷ್ಪವಾಗಿದೆ. ನಮ್ಮ ಬಯಲುಸೀಮೆಯಲ್ಲಿ ಬದುಕಲಾರದು. ನಮ್ಮ ಅಂಗಳದ ಗಿಡವಾದರೋ ‘ಎಪಿಫಿಲ್ಲಮ್ ಆಕ್ಸಿಪೆಟಾಲಮ್’ ಎಂಬ ಕಳ್ಳಿ. ಅದರ ತೌರು ಮೆಕ್ಸಿಕೋ ಮತ್ತು ಅದಕ್ಕೆ ಹೊಂದಿದ ಮಧ್ಯ ಅಮೆರಿಕ. ಅಲ್ಲಿ ಅದು ಅಡವಿಯ ಮರಗಳ ಕೊಂಬೆಗಳ ಮೇಲೆ, ಕೊಳೆತ ಎಲೆಯ ಗೊಬ್ಬರದಲ್ಲಿ ಬೇರೂರಿ ಬೆಳೆಯುತ್ತದೆ. ಆದುದರಿಂದಲೇ ಅದಕ್ಕೆ ಬೇಕಾದುದು ಉರಿಬಿಸಿಲಲ್ಲ, ಜಿನುಗುನೆರಳು. ಜಿಗಟು ಮಣ್ಣಲ್ಲ, ನೀರು ನಿಲ್ಲದ ಸಡಿಲವಾದ ಮಣ್ಣು.

ಈಗ ಗುರುತುಗಳನ್ನು ಹೇಳುವೆನು. ನಾವು ಎಲೆಯೆಂದು ಭಾವಿಸುವುದು ಎಲೆಯಲ್ಲ, ಚಪ್ಪಟೆಯಾದ ಕಾಂಡ. ಅದರ ಅಂಚು ಅಲೆಯಂತೆ ಏರಿಳಿದಿರುವುದು; ಹೂವು ಹೊರಡುವುದು ಆ ಅಂಚಿನ ಕಚ್ಚುಗಳಿಂದಲೇ. ಬುಡದಿಂದ ಏಳುವ ಹೊಸ ಚಿಗುರು ದುಂಡಗೆ ಕೋಲಿನಂತಿದ್ದು, ಮೇಲೆ ಚಪ್ಪಟೆಯಾಗುತ್ತದೆ. ಬಿಳಿಯ ಸುಗಂಧಪುಷ್ಪವು ಸಂಜೆಯ ನಂತರ ಬಿರಿಯತೊಡಗಿ, ನಡುರಾತ್ರಿಯ ಹೊತ್ತಿಗೆ ಪೂರ್ತಿಯಾಗಿ ಅರಳಿ, ಬೆಳಗಾಗುವಷ್ಟರಲ್ಲಿ ಬಾಡುತ್ತದೆ.

ನಮ್ಮ ಭಾಗದಲ್ಲಿ ಬೇಲಿಯ ಹಾಲುಗಳ್ಳಿಯನ್ನೂ ಪಾಪಾಸುಕಳ್ಳಿಯನ್ನೂ ಕನ್ನಡದಲ್ಲಿ ಕಳ್ಳಿಯೆಂದೂ ತೆಲುಗಿನಲ್ಲಿ ಜೆಮುಡೆಂದೂ ಒಟ್ಟಾಗಿ ಕರೆಯುವುದರಿಂದ ಗೊಂದಲವುಂಟು. ಮುರಿದಲ್ಲಿ ಬಿಳಿಯ ಹಾಲು ಸುರಿದರೆ ಅದು ಬೇರೆ ಕುಟುಂಬದ ಗಿಡ. ಆ ಹಾಲು ಕಣ್ಣಿಗೆ ಅಪಾಯಕರ. ಪಾಪಾಸುಕಳ್ಳಿಯಲ್ಲಿಯೂ ಬ್ರಹ್ಮಕಮಲದಲ್ಲಿಯೂ ಒಸರುವುದು ನೀರಿನಂತಹ ರಸ.

ವೃದ್ಧಿ ಮಾಡುವ ಕ್ರಮವು ಸುಲಭವಾದುದು. ಒಂದು ವರ್ಷ ಬಲಿತ, ರೋಗವಿಲ್ಲದ ಕಾಂಡದಿಂದ ೬ರಿಂದ ೯ ಅಂಗುಲ ಉದ್ದದ ತುಂಡನ್ನು ಹರಿತವಾದ ಶುದ್ಧ ಚಾಕುವಿನಿಂದ ಕತ್ತರಿಸತಕ್ಕದ್ದು. ಯಾವ ತುದಿ ಬುಡದ ಕಡೆಯದೆಂದು ಆಗಲೇ ಗುರುತು ಮಾಡಬೇಕು. ತಲೆಕೆಳಗಾಗಿ ನೆಟ್ಟ ತುಂಡು ಸರಿಯಾಗಿ ಏಳುವುದಿಲ್ಲ. ಬಳಿಕ ಐದಾರು ದಿನ ನೆರಳಿನಲ್ಲಿಟ್ಟು ಗಾಯವು ಒಣಗಿ ಮುಚ್ಚುವಂತೆ ಮಾಡಬೇಕು. ಹಸಿಗಾಯದೊಡನೆ ನೆಟ್ಟು ದಿನವೂ ನೀರೆರೆಯುವುದೇ ತುಂಡುಗಳು ಕೊಳೆಯಲು ಮುಖ್ಯ ಕಾರಣ. ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಎಲೆಗೊಬ್ಬರಗಳನ್ನು ಸಮಭಾಗವಾಗಿ ಬೆರೆಸಿ, ತಳದಲ್ಲಿ ತೂತುಳ್ಳ ಕುಂಡದಲ್ಲಿ ತುಂಬಿ, ೨ ಅಂಗುಲ ಆಳಕ್ಕೆ ನೆಟ್ಟು ಕೋಲಿನ ಆಸರೆ ಕೊಡತಕ್ಕದ್ದು. ಮೇಲ್ಮಣ್ಣು ಒಣಗಿದ ಮೇಲೆಯೇ ಮತ್ತೆ ನೀರು. ಸಾಮಾನ್ಯವಾಗಿ ಮೂರು ನಾಲ್ಕು ವಾರಗಳಲ್ಲಿ ಬೇರು ಬಿಡುತ್ತದೆ. ಹೂವಿಗೆ ಎರಡು ಮೂರು ವರ್ಷ ಕಾಯಬೇಕು. ಇಷ್ಟು ಸುಲಭವಾಗಿ ಏಳುವ ಗಿಡದ ತುಂಡನ್ನು ನೆರೆಮನೆಯಿಂದ ಪಡೆಯುವುದು ಬಿಟ್ಟು ದುಬಾರಿ ಬೆಲೆಗೆ ಕೊಳ್ಳುವುದೇಕೆ?

ತುಂಡಿನಿಂದ ಬೇರೂರುವ ಈ ಗುಣವು ವರವೂ ಹೌದು, ಶಾಪವೂ ಹೌದು. ಅಮೆರಿಕದಿಂದಲೇ ಬಂದ ಪಾಪಾಸುಕಳ್ಳಿಯು ಬಿದ್ದ ತುಂಡುಗಳಿಂದಲೇ ಹಬ್ಬಿ ದಕ್ಷಿಣ ಭಾರತದ ಎಷ್ಟೋ ಭೂಮಿಯನ್ನು ಆಕ್ರಮಿಸಿತ್ತು. ೧೯೨೬ರಲ್ಲಿ ಸಿಂಹಳದಿಂದ ತಂದು ಬಿಟ್ಟ ಕೊಚಿನೀಲ್ ಜಾತಿಯ ಕೀಟದಿಂದ ಅದು ಹತೋಟಿಗೆ ಬಂದಿತು. ಏನೆಂದು ಅರಿಯದ ಕಳ್ಳಿಯ ತುಂಡನ್ನು ಹೊಲದ ಬದುವಿನಲ್ಲಿ ಎಸೆಯಬಾರದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಅಂಗಳದ ಈ ಪಾಠವು ಹೊಲಕ್ಕೂ ಅನ್ವಯಿಸುತ್ತದೆ. ಈಗ ಅನೇಕ ಭೂಮಾಲಿಕರು ಡ್ರ್ಯಾಗನ್ ಹಣ್ಣಿನ ಕಡೆಗೆ ಒಲಿದಿರುವರು. ೨೦೨೧ರಲ್ಲಿ ಗುಜರಾತ್ ಸರ್ಕಾರವು ‘ಕಮಲಂ’ ಎಂದು ಹೆಸರಿಟ್ಟ ಈ ಹಣ್ಣಿನ ಗಿಡವೂ ರಾತ್ರಿ ಹೂಬಿಡುವ ಕಳ್ಳಿಯೇ, ಬ್ರಹ್ಮಕಮಲದ ದಾಯಾದಿಯೇ. ಅದರ ಕಾಂಡಕ್ಕೆ ಮೂರು ಏಣುಗಳೂ ಸಣ್ಣ ಮುಳ್ಳುಗಳೂ ಇರುವುದೇ ಎದ್ದು ಕಾಣುವ ಭೇದ. ಆದರೆ ತಿರುಳು ಕೆಂಪೋ ಬಿಳಿಯೋ ಎಂಬುದನ್ನು ತುಂಡನ್ನು ನೋಡಿದ ಮಾತ್ರದಿಂದ ನಿಶ್ಚಯಿಸುವುದು ಕಷ್ಟ. ಕೆಲವು ತಳಿಗಳು ಬೇರೆ ತಳಿಯ ಪರಾಗವಿಲ್ಲದೆ ಕಾಯಿ ಕಟ್ಟುವುದಿಲ್ಲ. ಕಂಬ, ಚಕ್ರ, ಹನಿ ನೀರಾವರಿಗೆ ಬಂಡವಾಳ ಹೂಡಿ, ಎರಡು ವರ್ಷ ಕಳೆದ ಮೇಲೆ ತಪ್ಪು ತಿಳಿದರೆ ಪರಿಹಾರವಿಲ್ಲ. ಕೊಳವೆಬಾವಿಯ ನೀರನ್ನೇ ನಂಬಿರುವ ನಮ್ಮ ರೈತರಿಗೆ ಅಂತಹ ನಷ್ಟವನ್ನು ತಾಳುವ ಶಕ್ತಿ ಎಲ್ಲಿದೆ?

ಆದಕಾರಣ ಗ್ರಾಮದ ಮುಖಂಡರಲ್ಲಿಯೂ ಭೂಮಾಲಿಕರಲ್ಲಿಯೂ ನನ್ನ ವಿಜ್ಞಾಪನೆ ಇಷ್ಟು. ಹಣ್ಣು ಬಿಟ್ಟುದನ್ನು ಕಣ್ಣಾರೆ ಕಂಡ ತಾಯಿಗಿಡದಿಂದಲೇ ತುಂಡುಗಳನ್ನು ಪಡೆಯಿರಿ. ತಳಿಯ ಹೆಸರನ್ನೂ ಮಾರಿದವನ ರಸೀತಿಯನ್ನೂ ಬರೆಹದಲ್ಲಿ ಇಟ್ಟುಕೊಳ್ಳಿರಿ. ಎಕರೆಗಟ್ಟಲೆ ಹಾಕುವ ಮೊದಲು ಹತ್ತು ಕಂಬಗಳಲ್ಲಿ ಪರೀಕ್ಷಿಸಿರಿ. ಸಂದೇಹ ಬಂದಲ್ಲಿ ತೋಟಗಾರಿಕಾ ಇಲಾಖೆಯವರನ್ನು ವಿಚಾರಿಸಿರಿ. ಪ್ರತಿ ಗ್ರಾಮದ ಶಾಲೆಯಲ್ಲಿ ಒಂದು ಬ್ರಹ್ಮಕಮಲವನ್ನು ಸರಿಯಾದ ಹೆಸರಿನ ಫಲಕದೊಡನೆ ಬೆಳೆಯಿಸಿ, ತುಂಡು ನೆಡುವ ಕ್ರಮವನ್ನು ಮಕ್ಕಳ ಕೈಯಿಂದಲೇ ಮಾಡಿಸಿರಿ. ಒಂದು ಕುಂಡದಲ್ಲಿ ಕಲಿತ ವಿದ್ಯೆಯು ಮುಂದೆ ಒಂದು ಹೊಲವನ್ನು ಉಳಿಸೀತು.