ಕಾಲಿಗೆ ಕಟ್ಟಿದ ಚೀಟಿ

ನಮ್ಮ ದೇವಣಗಾಂವ ಬಯಲುಸೀಮೆ. ಒಂದು ಕಡೆ ಭೀಮಾ ಹೊಳೆ, ಉಳಿದ ಕಡೆಯೆಲ್ಲ ಹೊಲ. ಬೆಟ್ಟ ಎಂಬುದು ಇಲ್ಲಿಲ್ಲ. ಆದರೆ ಚಳಿಗಾಲದಲ್ಲಿ ಹೊಳೆದಂಡೆಯ ಮೇಲೆ ಬಾಲ ಕುಣಿಸುತ್ತ ಓಡಾಡುವ ಸಿಪಿಲೆ ಹಕ್ಕಿಗಳು ಹಿಮಾಲಯದ ಕಡೆಯಿಂದ, ಅದರಾಚೆಯಿಂದ ಬರುತ್ತವೆ. ಹಾಗಾಗಿ ಬೆಟ್ಟದ ಹಕ್ಕಿಯನ್ನು ಅರಿಯಲು ಅದನ್ನು ಕೊಲ್ಲಲೇಬೇಕೇ ಎಂಬ ಪ್ರಶ್ನೆ ನಮಗೂ ಸೇರಿದ್ದು.

1939-40ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಆಗಿನ ಸಮೀಕ್ಷೆಗಳಲ್ಲಿ ದುರ್ಬೀನಿನ ಜೊತೆ ಬಂದೂಕೂ ಇರುತ್ತಿತ್ತು. ಹೊಡೆದ ಹಕ್ಕಿಯ ಹೊಟ್ಟೆ ಸೀಳಿ ಚರ್ಮ ಬಿಡಿಸಬೇಕು, ಹುಳ ಹತ್ತದಂತೆ ಒಳಗೆ ಪಾಷಾಣ ಸವರಬೇಕು, ಹತ್ತಿ ತುಂಬಿ ಹೊಲಿಯಬೇಕು. ಕೊನೆಗೆ ಕಾಲಿಗೊಂದು ಚೀಟಿ: ಸಿಕ್ಕ ಊರು, ತಾರೀಖು, ಗಂಡೋ ಹೆಣ್ಣೋ. ಆ ಚೀಟಿ ಇಲ್ಲದಿದ್ದರೆ ಅದು ಬರೀ ಸತ್ತ ಹಕ್ಕಿ. ಇದ್ದರೆ ಒಂದು ದಾಖಲೆ.

ಇಂಥ ಸಂಗ್ರಹದ ಪರ ಇರುವವರ ಮಾತಿನಲ್ಲಿ ತೂಕವಿದೆ. ಗಂಡು ಹೆಣ್ಣು ಒಂದೇ ಬಣ್ಣವಿರುವ ಹಕ್ಕಿ ಗಂಡೋ ಹೆಣ್ಣೋ ಎಂದು, ಅದು ಏನು ತಿಂದಿತ್ತೆಂದು ಆ ಕಾಲದಲ್ಲಿ ಹೊಟ್ಟೆ ತೆರೆದೇ ತಿಳಿಯಬೇಕಿತ್ತು. ಅದಕ್ಕಿಂತ ದೊಡ್ಡ ಮಾತೆಂದರೆ, ಕೂಡಿಟ್ಟವರು ಊಹಿಸದ ಪ್ರಶ್ನೆಗೂ ಈ ಸಂಗ್ರಹ ಉತ್ತರ ಕೊಡುತ್ತದೆ. ಬ್ರಿಟನ್ನಿನಲ್ಲಿ ಹವ್ಯಾಸಿಗಳು ಹಿಂದೆ ಕೂಡಿಟ್ಟ ಪೆರಿಗ್ರಿನ್ ಡೇಗೆಯ ಮೊಟ್ಟೆಗಳನ್ನು ವಿಜ್ಞಾನಿ ಡೆರೆಕ್ ರ‍್ಯಾಟ್‌ಕ್ಲಿಫ್ ತೂಗಿ ನೋಡಿದರು. 1940ರ ದಶಕದ ಕೊನೆಭಾಗದಿಂದ ಚಿಪ್ಪು ತೆಳುವಾಗಿದೆ ಎಂದು ಅವರು 1967ರಲ್ಲಿ ತೋರಿಸಿದರು. ಡಿಡಿಟಿ ಕೀಟನಾಶಕದ ಹಾನಿಗೆ ದೊಡ್ಡ ಸಾಕ್ಷಿಯಾದದ್ದು ಅದೇ.

ವಿರೋಧಿಸುವವರ ಮಾತೂ ಅಷ್ಟೇ ಗಟ್ಟಿ. ಶಿಖರದ ಕಾಡು ಬಯಲಿನ ಹಾಗೆ ಹಬ್ಬಿರುವುದಿಲ್ಲ. ಒಂದು ಶಿಖರದ ಮೇಲಿನ ಹಕ್ಕಿ ಅಲ್ಲಿ ಅಳಿದರೆ ಪಕ್ಕದ ಬೆಟ್ಟದಿಂದ ಬಂದು ತುಂಬುವುದು ಕಷ್ಟ. ಅರುಣಾಚಲದ ಈಗಲ್‌ನೆಸ್ಟ್ ಕಾಡಿನಲ್ಲಿ ಖಗೋಳ ವಿಜ್ಞಾನಿ ರಮಣ ಆತ್ರೇಯ ಹೊಸದೊಂದು ಹಕ್ಕಿಯನ್ನು ಗುರುತಿಸಿದಾಗ ಗೊತ್ತಿದ್ದವು 14 ಮಾತ್ರ. ಅವರು ಅದನ್ನು ಬಲೆಯಲ್ಲಿ ಹಿಡಿದು, ಗರಿ ಮತ್ತು ಫೋಟೊ ಉಳಿಸಿಕೊಂಡು ಹಾರಿಬಿಟ್ಟರು. 2006ರಲ್ಲಿ ಅದಕ್ಕೆ ಬುಗುನ್ ಲಿಯೊಸಿಕ್ಲಾ ಎಂದು ಹೆಸರಾಯಿತು. 2015ರಲ್ಲಿ ಪೆಸಿಫಿಕ್ ಸಾಗರದ ಗ್ವಾಡಲ್‌ಕೆನಾಲ್ ದ್ವೀಪದ ಬೆಟ್ಟದಲ್ಲಿ ಮೊದಲ ಬಾರಿಗೆ ಫೋಟೊಗೆ ಸಿಕ್ಕ ಗಂಡು ಮೀಸೆ ಮಿಂಚುಳ್ಳಿಯನ್ನು ಸಂಗ್ರಹಕ್ಕಾಗಿ ಕೊಂದಾಗ ಜಗತ್ತಿನ ಹಲವೆಡೆ ಆಕ್ರೋಶ ಎದ್ದಿತು. ಅಲ್ಲಿ ಅದು ಅಪರೂಪವಲ್ಲ, ಒಂದನ್ನು ತೆಗೆದರೆ ಸಂತತಿಗೆ ಕುತ್ತಿಲ್ಲ ಎಂಬುದು ಅದನ್ನು ಸಂಗ್ರಹಿಸಿದ ವಿಜ್ಞಾನಿಯ ಸಮಜಾಯಿಷಿ. ಅದು ಸುಳ್ಳಲ್ಲ, ನೊಂದವರ ನೋವೂ ಸುಳ್ಳಲ್ಲ.

ಈ ಎರಡರ ನಡುವಿನ ದಾರಿಯನ್ನು ನಮ್ಮ ಪಶ್ಚಿಮ ಘಟ್ಟದ ಕೆಲಸವೇ ತೋರಿಸಿದೆ. ವಿಜ್ಞಾನಿ ವಿ.ವಿ. ರಾಬಿನ್ ಮತ್ತು ಸಂಗಡಿಗರು ಬೆಟ್ಟದ ಮೇಲಿನ ಶೋಲಾ ಕಾಡಿನ ಹಕ್ಕಿಗಳನ್ನು ನವಿರಾದ ಬಲೆಯಲ್ಲಿ ಹಿಡಿದು, ತುಸು ರಕ್ತ ತೆಗೆದುಕೊಂಡು ಬಿಟ್ಟುಬಿಟ್ಟರು. ಜೊತೆಗೆ ಸಂಗ್ರಹಾಲಯದ ಹಳೆಯ ಚರ್ಮಗಳನ್ನೂ ಅಳೆದರು. 2017ರಲ್ಲಿ ಆ ಹಕ್ಕಿಗಳಿಗೆ ಶೋಲಿಕೋಲಾ, ಮಾಂಟೆಸಿಂಕ್ಲಾ ಎಂಬ ಎರಡು ಹೊಸ ಕುಲಗಳು ಸಿಕ್ಕವು. ಬದುಕಿದ್ದರ ರಕ್ತ, ಸತ್ತದ್ದರ ಚರ್ಮ ಎರಡೂ ಬೇಕಾದವು.

1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಸಂಶೋಧನೆಗಾಗಿ ಕಾಡುಹಕ್ಕಿಯನ್ನು ಹಿಡಿಯಲೂ ಲಿಖಿತ ಅನುಮತಿ ಬೇಕು. ಆ ಬಾಗಿಲು ಕಿರಿದಾಗಿಯೇ ಇರಲಿ, ಪೂರ್ತಿ ಮುಚ್ಚುವುದು ಬೇಡ. ಗರಿ, ರಕ್ತ, ಧ್ವನಿ ಯಾವುದರಿಂದಲೂ ಉತ್ತರ ಸಿಗದ ಪ್ರಶ್ನೆ ಎಂದಾದರೂ ಎದುರಾಗಬಹುದು. ಸಂಶೋಧಕನು ಅಂದು ಮೊದಲು ಕಾಡಿಗೆ ಹೋಗದೆ ಸಂಗ್ರಹಾಲಯಕ್ಕೆ ಹೋಗಲಿ. ಅಲ್ಲಿನ ಹಕ್ಕಿಗಳು ಒಮ್ಮೆ ಪ್ರಾಣ ಕೊಟ್ಟಾಗಿದೆ. ಅವುಗಳ ಕಾಲಿನ ಚೀಟಿಯನ್ನು ಓದದೆ ಇನ್ನೊಂದರ ಪ್ರಾಣ ಕೇಳುವುದು ನ್ಯಾಯವಲ್ಲ.